ಛೇದದಲ್ಲಿ ಇಲ್ಲದ ಕೂಸು

ಪದವಿಯ ನಂತರ ಸಾರ್ವಜನಿಕ ಆರೋಗ್ಯ ಸಂಖ್ಯಾಶಾಸ್ತ್ರದಲ್ಲಿ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಪಡೆಯುವವರು ಸಾಮಾನ್ಯವಾಗಿ ವಿಜ್ಞಾನ ವಿಭಾಗದವರು. ಐಚ್ಛಿಕ ಕನ್ನಡ ಓದಿದವರು ಆ ಕಡೆ ತಲೆಹಾಕುವುದು ವಿರಳ. ಗಣಿತದ ಅಂಜಿಕೆ ಇದಕ್ಕೆ ಒಂದು ಕಾರಣ. ಆ ಶಾಸ್ತ್ರದಲ್ಲಿ ಭಾಷೆಯ ಪಾಲು ಎಷ್ಟಿದೆ ಎಂಬುದು ತಿಳಿಯದಿರುವುದು ಇನ್ನೊಂದು ಕಾರಣ. ಈ ಎರಡನೆಯದನ್ನು ತಿಳಿಯಬೇಕಾದರೆ ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕಡೆ ನೋಡಬೇಕು. ಅಲ್ಲಿ ದೊರೆಯುವ ಪಾಠ ಕಹಿಯಾದುದು.

ಈ ಜಿಲ್ಲೆಗಳು ಕನ್ನಡಕ್ಕೆ ಹೊರಗಿನವಲ್ಲ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇಂದಿಗೂ ಮನೆಮಾತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲ್ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅಲೆಗ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೊ ಇಲ್ಲಿನ ಹೊಲಗಳನ್ನು ಅಳೆಸಿ ಕಂದಾಯದ ಲೆಕ್ಕ ಬರೆಸಿದರು. ಹಾಗೆ ಗೇಣುಗೇಣಾಗಿ ಲೆಕ್ಕಕ್ಕೆ ಬಂದ ನೆಲದಲ್ಲಿ, ಎರಡು ಶತಮಾನಗಳ ತರುವಾಯ, ಲೆಕ್ಕಕ್ಕೆ ಸಿಗದೆ ಹೋದದ್ದು ಹೆಣ್ಣುಕೂಸು.

2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಸೇಲಂ ಜಿಲ್ಲೆಯಲ್ಲಿ 851, ಧರ್ಮಪುರಿಯಲ್ಲಿ 826 ಹೆಣ್ಣುಮಕ್ಕಳಿದ್ದರು. ಇಡೀ ತಮಿಳುನಾಡಿನ ಅನುಪಾತ 942, ದೇಶದ್ದು 927. ಪ್ರಕೃತಿಯೇ ಸ್ವಲ್ಪ ಹೆಚ್ಚು ಗಂಡುಗಳನ್ನು ಹುಟ್ಟಿಸುತ್ತದೆ. 100 ಹೆಣ್ಣಿಗೆ ಸುಮಾರು 105 ಗಂಡು, ಅಂದರೆ 1000 ಗಂಡಿಗೆ 950ರ ಆಸುಪಾಸಿನಲ್ಲಿ ಹೆಣ್ಣು. 826 ಎಂಬ ಸಂಖ್ಯೆಯನ್ನು ಪ್ರಕೃತಿಯ ತಲೆಗೆ ಕಟ್ಟಲು ಬರುವುದಿಲ್ಲ.

ಜನಗಣತಿಗೆ ಹಳೆಯ ಕನ್ನಡ ದಫ್ತರಗಳಲ್ಲಿ ‘ಖಾನೇಷುಮಾರಿ’ ಎಂಬ ಹೆಸರಿತ್ತು. ಮರಾಠಿಯಲ್ಲಿಯೂ ‘ಖಾನೇಸುಮಾರಿ’ ಎಂದೇ ಇದೆ. ಪಾರಸಿಯ ಈ ಪದದ ಅರ್ಥ ಮನೆಗಳ ಎಣಿಕೆ. ಹತ್ತು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಇದ್ದವರನ್ನು ಬರೆದುಕೊಳ್ಳುವ ಈ ಲೆಕ್ಕಕ್ಕೆ, ಇಲ್ಲದವರು ಹೇಗೆ ಇಲ್ಲವಾದರು ಎಂಬುದು ತಿಳಿಯದು. ಭ್ರೂಣದಲ್ಲೇ ಹೋದರೋ, ಹುಟ್ಟಿದ ಮೂರನೆಯ ದಿನ ಹೋದರೋ, ಮದ್ದಿಲ್ಲದೆ ಎರಡನೆಯ ವರ್ಷದಲ್ಲಿ ಹೋದರೋ? ಮೂರಕ್ಕೂ ಉಪಾಯ ಬೇರೆ ಬೇರೆ. ಮೊದಲನೆಯದಕ್ಕೆ ಸ್ಕ್ಯಾನಿಂಗ್ ಕೇಂದ್ರಗಳ ಮೇಲೆ ನಿಗಾ ಬೇಕು. 1994ರಲ್ಲಿ ಅಂಗೀಕಾರವಾದ ಲಿಂಗಪತ್ತೆ ನಿಷೇಧ ಕಾಯ್ದೆ ಇರುವುದು ಅದಕ್ಕಾಗಿ. ಎರಡನೆಯದಕ್ಕೆ ಬಾಣಂತಿಯ ಬಳಿ ಯಾರಾದರೂ ಇರಬೇಕು. ಮೂರನೆಯದಕ್ಕೆ ಆಸ್ಪತ್ರೆ ಹತ್ತಿರವಿರಬೇಕು. ಆದ್ದರಿಂದ ಸಾವು ಎಷ್ಟನೆಯ ದಿನ ಬಂತು ಎಂಬುದನ್ನು ಗಂಡು–ಹೆಣ್ಣು ಬೇರ್ಪಡಿಸಿ ನೋಡಬೇಕಾಗುತ್ತದೆ. ಮೊದಲ ವಾರದಲ್ಲಿ ಸಹಜವಾಗಿ ಗಂಡುಕೂಸುಗಳೇ ಹೆಚ್ಚು ಸಾಯುತ್ತವೆ. ಒಂದು ಊರಿನಲ್ಲಿ ಇದು ತಲೆಕೆಳಗಾಗಿದ್ದರೆ ಅಲ್ಲಿ ಕೈಯಾಡಿದೆ ಎಂದು ಅನುಮಾನಿಸಲೇಬೇಕು.

ಈ ಅನುಮಾನಕ್ಕೆ ಆಧಾರ ಸಿಕ್ಕಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆಗಳಲ್ಲಿ. ಶೀಲಾ ರಾಣಿ ಚುಂಕತ್ ಮತ್ತು ವಿ. ಬಿ. ಆತ್ರೇಯ ಅವರು ಆ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಲೇಖನ ಪ್ರಕಟಿಸಿದರು. ಶಿಶುಮರಣದ ಕಾರಣಗಳ ಸಾಲಿನಲ್ಲಿ ‘ಸಾಮಾಜಿಕ ಕಾರಣ’ ಎಂಬ ನಮೂದು ಇತ್ತು. ಅದು ಹೆಣ್ಣುಶಿಶುವಿನ ಹತ್ಯೆಗೆ ಇಟ್ಟ ಹೆಸರು.

ಸಾಹಿತ್ಯದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ನಿಲ್ಲಬೇಕು. ದೀಪ ಆರಿಸು ಎನ್ನಲಾರದೆ ‘ದೀಪ ಶಾಂತ ಮಾಡು’ ಎನ್ನುವ ಸಮಾಜಕ್ಕೆ ಸೌಮ್ಯೋಕ್ತಿ ಹೊಸದಲ್ಲ. ಆದರೆ ಆ ನಮೂದಿನ ಸ್ಥಿತಿ ವಿಚಿತ್ರವಾದುದು. ‘ಕೊಲೆ’ ಎಂದು ಬರೆದರೆ ಅದು ಪೊಲೀಸರ ಕಡತವಾಗುತ್ತದೆ, ಮರುದಿನದಿಂದ ಆ ಊರಿನ ಬಾಗಿಲುಗಳು ದಾದಿಗೆ ಮುಚ್ಚುತ್ತವೆ. ‘ಜ್ವರ’ ಎಂದು ಬರೆದರೆ ಸತ್ಯ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಎರಡರ ನಡುವೆ ಈ ಪದ ನಿಂತಿತು. ಅರ್ಧ ಮುಚ್ಚಿತು, ಅರ್ಧ ತೆರೆಯಿತು. ಹಾಗೆ ಬರೆದದ್ದರಿಂದಲೇ ಅದನ್ನು ಎಣಿಸಲು ಸಾಧ್ಯವಾಯಿತು. ಇದನ್ನು ಬರಿಯ ಹೇಡಿತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ.

ಈಗ ಅಂಶ–ಛೇದಗಳ ಮಾತು. ಶಿಶುಮರಣ ದರವೆಂದರೆ ಒಂದು ವರ್ಷದಲ್ಲಿ ಸತ್ತ ಶಿಶುಗಳ ಸಂಖ್ಯೆಯನ್ನು ಅದೇ ವರ್ಷ ಜೀವಂತವಾಗಿ ಹುಟ್ಟಿದವರ ಸಂಖ್ಯೆಯಿಂದ ಭಾಗಿಸಿ 1000ದಿಂದ ಗುಣಿಸುವುದು. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ನೋಂದಣಿಗೆ 21 ದಿನಗಳ ಅವಧಿಯಿದೆ. ಮನೆಯಲ್ಲಿ ಹುಟ್ಟಿ ಮೂರನೆಯ ದಿನ ಹೋದ ಕೂಸಿನ ಜನನವನ್ನೂ ಬರೆಸುವವರಿಲ್ಲ, ಮರಣವನ್ನೂ ಬರೆಸುವವರಿಲ್ಲ. ಒಂದು ಊರಿನಲ್ಲಿ 100 ಜನನ, 10 ಶಿಶುಮರಣ ಎಂದಿಟ್ಟುಕೊಳ್ಳೋಣ. ದರ 1000ಕ್ಕೆ 100. ಅವುಗಳಲ್ಲಿ ಐದು ಕೂಸುಗಳು ಯಾವ ಪುಸ್ತಕಕ್ಕೂ ಬರದಿದ್ದರೆ ಉಳಿಯುವುದು 95 ಜನನ, 5 ಮರಣ. ದರ 53ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಊರಿನ ಆರೋಗ್ಯ ಸುಧಾರಿಸಿತು! ಗ್ರಾಮ ಆರೋಗ್ಯ ದಾದಿಯ ಪುಸ್ತಕಕ್ಕೆ ಬೆಲೆ ಬರುವುದು ಇಲ್ಲಿ. ಆಕೆ ಗರ್ಭಿಣಿಯ ಹೆಸರನ್ನು ಹೆರಿಗೆಗೆ ತಿಂಗಳುಗಟ್ಟಲೆ ಮುಂಚೆಯೇ ಬರೆದಿರುತ್ತಾಳೆ. ಹೆರಿಗೆಯ ನಂತರ ‘ಕೂಸು ಎಲ್ಲಿ?’ ಎಂದು ಕೇಳಲು ಆಕೆಯ ಬಳಿ ಆಧಾರವಿದೆ.

ಒಂದೇ ದಾಖಲೆಯನ್ನು ನಂಬದಿರುವುದು ಗ್ರಂಥಸಂಪಾದನೆ ಓದಿದವರಿಗೆ ಹೊಸ ನಿಯಮವೇನಲ್ಲ. ಒಂದು ಪ್ರತಿಯ ಲೋಪವನ್ನು ಇನ್ನೊಂದು ಪ್ರತಿ ತುಂಬುತ್ತದೆ. ಭಾರತದ ಮಾದರಿ ನೋಂದಣಿ ವ್ಯವಸ್ಥೆಯೂ ಹೀಗೆಯೇ ನಡೆಯುತ್ತದೆ: ಸ್ಥಳೀಯ ಗಣತಿದಾರ ವರ್ಷವಿಡೀ ಜನನ ಮರಣ ಬರೆಯುತ್ತಾನೆ, ಮೇಲ್ವಿಚಾರಕ ಆರು ತಿಂಗಳಿಗೊಮ್ಮೆ ಪ್ರತ್ಯೇಕ ಸಮೀಕ್ಷೆ ಮಾಡುತ್ತಾನೆ, ಎರಡನ್ನೂ ತಾಳೆ ನೋಡುತ್ತಾರೆ. ಎರಡೂ ಪಟ್ಟಿಗಳಿಂದ ತಪ್ಪಿಹೋದವರನ್ನು ಅಂದಾಜು ಮಾಡುವ ವಿಧಾನವನ್ನು ಸಿ. ಚಂದ್ರಶೇಖರನ್ ಮತ್ತು ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಬಂಗಾಳದ ಸಿಂಗೂರಿನ ದಾಖಲೆಗಳಿಂದ ತೋರಿಸಿದರು. ಲೆಕ್ಕ ಸರಳ. ಮೊದಲ ಪಟ್ಟಿಯಲ್ಲಿ 80 ಜನನ, ಎರಡನೆಯದರಲ್ಲಿ 75, ಎರಡರಲ್ಲೂ ಇರುವವು 60 ಎನ್ನೋಣ. ಎರಡನೆಯ ಪಟ್ಟಿಯ 75ರಲ್ಲಿ 60ನ್ನು ಮೊದಲನೆಯದು ಹಿಡಿದಿದೆ, ಅಂದರೆ ಶೇ. 80. ಹಾಗಾದರೆ ಅದರ 80 ಜನನಗಳು ಒಟ್ಟಿನ ಶೇ. 80, ಒಟ್ಟು 100. ಎರಡು ಪಟ್ಟಿಗಳೂ ಸೇರಿ ಕಂಡದ್ದು 95, ಯಾರ ಕಣ್ಣಿಗೂ ಬೀಳದ್ದು 5.

ಈ ವಿಧಾನಕ್ಕೆ ಒಂದು ಷರತ್ತಿದೆ: ಒಂದು ಪಟ್ಟಿಯಿಂದ ತಪ್ಪುವುದಕ್ಕೂ ಇನ್ನೊಂದರಿಂದ ತಪ್ಪುವುದಕ್ಕೂ ಸಂಬಂಧವಿರಬಾರದು. ಮರೆವಿನಿಂದ ಬಿಟ್ಟದ್ದಕ್ಕೆ ಇದು ಸರಿ. ಬಚ್ಚಿಟ್ಟದ್ದಕ್ಕೆ ಸರಿಯಲ್ಲ. ದಾದಿಯಿಂದ ಮುಚ್ಚಿಟ್ಟ ಮನೆ ಮೇಲ್ವಿಚಾರಕನಿಂದಲೂ ಮುಚ್ಚಿಡುತ್ತದೆ, ಮೂಲದಲ್ಲೇ ಲೋಪವಾದ ಪದ್ಯ ಎಲ್ಲ ಪ್ರತಿಗಳಲ್ಲೂ ಲೋಪವಾಗಿರುವಂತೆ. ಆಗ ಸೂತ್ರ ಕೊಡುವ ಅಂದಾಜು ನಿಜಕ್ಕಿಂತ ಕಡಿಮೆಯೇ ಆಗಿರುತ್ತದೆ.

ಮರಣದ ಕಾರಣ ತಿಳಿಯಲು ಮನೆಯವರನ್ನೇ ಮಾತಾಡಿಸುವ ಪದ್ಧತಿಯೊಂದಿದೆ. ಅದರಲ್ಲಿ ಪ್ರಶ್ನಾವಳಿಯ ಜೊತೆಗೆ ಸ್ಥಳೀಯ ಭಾಷೆಯಲ್ಲಿ ಬರೆದುಕೊಂಡ ಒಂದು ನಿರೂಪಣೆಯೂ ಇರುತ್ತದೆ. ಇಬ್ಬರು ವೈದ್ಯರು ಅದನ್ನು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸುತ್ತಾರೆ. ಗಡಿಯ ಮನೆಯೊಂದರಲ್ಲಿ ಅಜ್ಜಿ ಕನ್ನಡದಲ್ಲಿ ಹೇಳಿದ್ದು ತಮಿಳಿನಲ್ಲಿ ಬರಹಕ್ಕಿಳಿದು, ಕೊನೆಗೆ ಇಂಗ್ಲಿಷಿನ ಸಂಕೇತವಾಗಬಹುದು. ‘ಹಾಲು ಕುಡೀಲಿಲ್ಲ’ ಎಂಬುದು ‘ಹಾಲು ಕುಡಿಸಲಿಲ್ಲ’ ಎಂಬುದರ ಮರೆಯೇ? ಈ ಎರಡು ಕ್ರಿಯಾಪದಗಳ ನಡುವಿನ ಪ್ರೇರಣಾರ್ಥಕ ಪ್ರತ್ಯಯವನ್ನು ಯಾವ ಸಾಫ್ಟ್‌ವೇರೂ ತಾನಾಗಿ ಕೇಳಿಸಿಕೊಳ್ಳುವುದಿಲ್ಲ.

ಸರ್ಕಾರ 1992ರಲ್ಲಿ ಸೇಲಂನಲ್ಲಿ ‘ತೊಟ್ಟಿಲು ಕೂಸು’ ಯೋಜನೆ ಆರಂಭಿಸಿತು. ಬೇಡವಾದ ಕೂಸನ್ನು ಕೊಲ್ಲದೆ ಸರ್ಕಾರಿ ತೊಟ್ಟಿಲಿಗೆ ಒಪ್ಪಿಸಬಹುದು. 2001ರಲ್ಲಿ ಅದು ಧರ್ಮಪುರಿಗೂ ಬಂತು. ತೊಟ್ಟಿಲಿಗೆ ಬಂದ ಕೂಸುಗಳ ಸಂಖ್ಯೆ ಹೆಚ್ಚಿದರೆ ಅದು ಗೆಲುವೋ ಸೋಲೋ? ಉಳಿದ ಜೀವಗಳು ಹೆಚ್ಚಿವೆ, ತೊರೆದ ತಾಯಂದಿರೂ ಹೆಚ್ಚಿದ್ದಾರೆ. ಸಂಖ್ಯೆ ತಾನಾಗಿ ಉತ್ತರ ಹೇಳದು. ಧರ್ಮಪುರಿಯಲ್ಲಿ 1997–99ರ ಅವಧಿಯಲ್ಲಿ ಊರೂರಿಗೆ ಬೀದಿನಾಟಕದ ಕಲಾಜಾಥಾ ಹೋಯಿತು. ಅದರ ಫಲವನ್ನೂ ಆರೋಗ್ಯ ಕೇಂದ್ರದ ದಾಖಲೆಗಳಿಂದಲೇ ಅಳೆಯಲು ಯತ್ನಿಸಿದರು. ನಾಟಕವನ್ನು ರಸದಿಂದ ಮಾತ್ರ ಅಳೆದು ರೂಢಿಯಿರುವವರಿಗೆ ಇದು ಕುತೂಹಲದ ಸಂಗತಿ.

2011ರ ಗಣತಿಯಲ್ಲಿ ಎರಡೂ ಜಿಲ್ಲೆಗಳ ಅನುಪಾತ 900ನ್ನು ದಾಟಿತು. ಸಂತೋಷದ ವಿಷಯವೇ. ಆದರೆ 2004ರಲ್ಲಿ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾಗಿತ್ತು. 2001ರ ‘ಧರ್ಮಪುರಿ’ಯೂ 2011ರ ‘ಧರ್ಮಪುರಿ’ಯೂ ಒಂದೇ ನೆಲವಲ್ಲ. ತಾಲೂಕುಗಳನ್ನು ಹೊಂದಿಸಿ ಮತ್ತೆ ಲೆಕ್ಕ ಹಾಕದೆ ಎರಡನ್ನು ಹೋಲಿಸುವುದು ತಪ್ಪು.

ಇಂಥ ಓದನ್ನು ಕ್ರಮವಾಗಿ ಕಲಿಯಬೇಕೆನ್ನುವವರಿಗೆ ದಾರಿಗಳಿವೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜೈವಿಕ ಸಂಖ್ಯಾಶಾಸ್ತ್ರ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇವು ಈ ಕ್ಷೇತ್ರದ ಪ್ರಮುಖ ಕೇಂದ್ರಗಳು. ಇಗ್ನೊ ಅನ್ವಯಿಕ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಮಾದರಿ ಆಯ್ಕೆ, ದರಗಳ ಪ್ರಮಾಣೀಕರಣ, ಜೀವನ ಕೋಷ್ಟಕ, ಹಿಂಚಲನ ವಿಶ್ಲೇಷಣೆ ಇವು ಇಂಥ ಓದಿನ ಸಾಮಾನ್ಯ ಪಾಠಗಳು. ಬಳಸುವ ‘ಆರ್’ ತಂತ್ರಾಂಶ ಉಚಿತ. ಪಿಯುಸಿಯಲ್ಲಿ ಗಣಿತ ಓದಿರಬೇಕೆಂದು ಕೇಳುವ ಕೋರ್ಸುಗಳೂ ಇರುವುದರಿಂದ ಅರ್ಹತೆಯ ನಿಯಮಗಳನ್ನು ಮೊದಲು ಓದಿಕೊಳ್ಳಬೇಕು. ಅಲ್ಲಿಯವರೆಗೆ, ಜನಗಣತಿ ಇಲಾಖೆಯ ಕೋಷ್ಟಕಗಳಲ್ಲಿ ಸ್ವಂತ ತಾಲೂಕಿನ 0–6 ವಯಸ್ಸಿನ ಗಂಡು–ಹೆಣ್ಣುಗಳ ಅಂಕಣವನ್ನು ಹುಡುಕಿ ಅನುಪಾತ ಕಟ್ಟಿ ನೋಡಬಹುದು. ಅದಕ್ಕೆ ಭಾಗಾಕಾರ ಗೊತ್ತಿದ್ದರೆ ಸಾಕು.