ಪಾಠದ ದಿನ ಸಿಗದ ಫೈಲ್: ಹಂಚಿಕೆಯ ಲೈಬ್ರರಿಗಳ ತೊಂದರೆಗಳು ಮತ್ತು ಪರಿಹಾರ

ಹಿನ್ನೆಲೆ

ನಾನು ಬಿ.ಎಸ್ಸಿ.ಯಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಓದಿ, ಈಗ ಯಾದಗಿರಿಯಲ್ಲಿ ಬಿ.ಇಡಿ. ಮಾಡುತ್ತಿರುವ ಪ್ರಶಿಕ್ಷಣಾರ್ಥಿ. ನಮ್ಮೂರು ಸುರಪುರ ತಾಲ್ಲೂಕಿನಲ್ಲಿದೆ. ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಹತ್ತನೇ ತರಗತಿಗೆ ‘ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿಗಳು’ ಘಟಕವನ್ನು ಆರಿಸಿಕೊಂಡಿದ್ದೆ. ಎರಡು ರೇಖೆಗಳು ಛೇದಿಸುವುದು, ಸಮಾಂತರವಾಗುವುದು, ಐಕ್ಯಗೊಳ್ಳುವುದು ಈ ಮೂರನ್ನೂ ಮಕ್ಕಳು ಸಹಗುಣಕ ಬದಲಿಸುತ್ತಾ ತಾವೇ ನೋಡಲಿ ಎಂದು ಸಿ++ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಒಂದು ಸಲವೂ ತಪ್ಪಿರಲಿಲ್ಲ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಆ ದಿನ ನಡೆದದ್ದನ್ನೂ, ಅದರಿಂದ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ. ಗಣಕಯಂತ್ರ ಬಳಸಿ ಪಾಠ ಮಾಡುವ ಸಹಪಾಠಿಗಳಿಗೆ ಇದು ಇಂದಲ್ಲ ನಾಳೆ ಎದುರಾಗುವ ವಿಷಯ.

ನಡೆದದ್ದೇನು?

ಶಾಲೆಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಬಹುದಾಗಿದ್ದದ್ದು ಕಚೇರಿಯ ಕಂಪ್ಯೂಟರ್ ಒಂದೇ. ಮುಖ್ಯ ಗುರುಗಳು ಒಂದು ಪೀರಿಯಡ್ ಮಟ್ಟಿಗೆ ಕೊಟ್ಟರು. ಪ್ರೋಗ್ರಾಮ್ ತೆರೆದ ಕೂಡಲೇ ಒಂದು ಚೌಕ ಮೂಡಿತು: ‘ವಿಸಿರನ್‌ಟೈಮ್140.ಡಿಎಲ್‌ಎಲ್’ ಸಿಗದ ಕಾರಣ ಮುಂದುವರಿಯಲು ಆಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ನಮೂನೆ ಹಿಡಿದು ಕೂತಿದ್ದರು. ಹಲಗೆಯ ಮೇಲೆ ಗ್ರಾಫ್ ಎಳೆದು ಹೇಗೋ ಪಾಠ ಮುಗಿಸಿದೆ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಬಿಡುವಿನಲ್ಲಿ ನನ್ನ ಲ್ಯಾಪ್‌ಟಾಪಿನಿಂದ ಆ ಫೈಲನ್ನು ತಂದು ಕಚೇರಿಯ ಕಂಪ್ಯೂಟರಿಗೆ ಹಾಕಲು ಹೋದೆ. ವಿಂಡೋಸ್ ಫೋಲ್ಡರಿನೊಳಗೆ ‘ಸಿಸ್ಟಮ್32’, ‘ಸಿಸ್‌ವಾವ್64’ ಎಂಬ ಎರಡು ಫೋಲ್ಡರುಗಳಿದ್ದವು. ನನ್ನ ಪ್ರೋಗ್ರಾಮ್ 64 ಬಿಟ್‌ನದು. ಹೆಸರಿನಲ್ಲಿ 64 ಇರುವುದೇ ಸರಿಯಾದ ಜಾಗ ಎಂದುಕೊಂಡೆ. ಅಲ್ಲಿ ಅದೇ ಹೆಸರಿನ ಫೈಲ್ ಆಗಲೇ ಇತ್ತು. ‘ಇದ್ದೂ ಸಿಗುತ್ತಿಲ್ಲವೆಂದರೆ ಕೆಟ್ಟಿರಬೇಕು’ ಎಂದು ತೀರ್ಮಾನಿಸಿ, ಹಳೆಯದರ ಮೇಲೆ ನನ್ನದನ್ನು ಹಾಕಿದೆ. ಅನುಮತಿ ಕೇಳಿತು, ಓದದೆ ಒತ್ತಿದೆ. ನನ್ನ ಪ್ರೋಗ್ರಾಮ್ ಆಗಲೂ ತೆರೆಯಲಿಲ್ಲ.

ನಾಲ್ಕು ಗಂಟೆಗೆ ಗುಮಾಸ್ತರು ಬಂದರು. “ಏನ್ ಮಾಡೀರ್ರಿ ಮೇಡಂ? ಮುಂಜಾನಿ ತನಕ ಛಲೋ ಇತ್ತು. ಈಗ ನಮ್ಮ ಅಂಕದ ಸಾಫ್ಟ್‌ವೇರ್ ಓಪನ್ನೇ ಆಗವಲ್ದು. ನಾಳಿ ಮುಂಜಾನಿ ಪಟ್ಟಿ ಕಳಿಸಬೇಕ್ರಿ.” ತೆರೆಯಲು ಹೋದರೆ 0ಎಕ್ಸ್‌ಸಿ000007ಬಿ ಎಂಬ ಸಂಖ್ಯೆ ಬರುತ್ತಿತ್ತು. ಅಷ್ಟೂ ಮಕ್ಕಳ ಅಂಕಗಳು ಅದರೊಳಗಿದ್ದವು. ಕೆಡಿಸಿದವಳು ನಾನೇ ಎಂದು ಹೇಳದೆ ಬೇರೆ ದಾರಿಯಿರಲಿಲ್ಲ, ಹೇಳಿದೆ.

ಹಂಚಿಕೆಯ ಲೈಬ್ರರಿ ಎಂದರೇನು?

ನಮ್ಮ ಊರುಗಳಲ್ಲಿ ಮದುವೆಗೆ ಬೇಕಾದ ದೊಡ್ಡ ಭಾಂಡೆಗಳನ್ನು ಪ್ರತಿ ಮನೆಯವರೂ ಕೊಳ್ಳುವುದಿಲ್ಲ. ಗುಡಿಯಲ್ಲೋ ಸಮಾಜದ ಮನೆಯಲ್ಲೋ ಒಂದು ಸೆಟ್ ಇರುತ್ತದೆ. ಬೇಕಾದವರು ತಂದು ಬಳಸುತ್ತಾರೆ. ಡೆಸ್ಕ್‌ಟಾಪ್ ಪ್ರೋಗ್ರಾಮುಗಳೂ ಹೀಗೆಯೇ. ಕಿಟಕಿ ತೋರಿಸುವುದು, ಫೈಲ್ ತೆರೆಯುವುದು, ಮೆಮೊರಿ ಕೇಳಿ ಪಡೆಯುವುದು ಎಲ್ಲ ಪ್ರೋಗ್ರಾಮುಗಳಿಗೂ ಬೇಕಾದ ಕೆಲಸಗಳು. ಇವನ್ನು ಮಾಡುವ ಕೋಡನ್ನು ಒಮ್ಮೆ ಬರೆದು ಬೇರೆ ಫೈಲಿನಲ್ಲಿ ಇಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಇದಕ್ಕೆ ಡಿಎಲ್‌ಎಲ್ ಎಂದು ಹೆಸರು. ಲಿನಕ್ಸ್‌ನಲ್ಲಿ ಇಂತಹ ಫೈಲುಗಳ ಹೆಸರಿನಲ್ಲಿ ‘.ಎಸ್‌ಓ’ ಇರುತ್ತದೆ. ಪ್ರೋಗ್ರಾಮ್ ಶುರುವಾಗುವಾಗ ತನಗೆ ಬೇಕಾದ ಲೈಬ್ರರಿಗಳ ಪಟ್ಟಿ ಹಿಡಿದು ಹುಡುಕುತ್ತದೆ. ಸಿಕ್ಕರೆ ಜೋಡಿಸಿಕೊಳ್ಳುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ.

ಲಾಭ ಎರಡು. ಡಿಸ್ಕಿನಲ್ಲೂ ಮೆಮೊರಿಯಲ್ಲೂ ಜಾಗ ಉಳಿಯುತ್ತದೆ. ಲೈಬ್ರರಿಯಲ್ಲಿ ದೋಷ ಕಂಡರೆ ಒಂದೇ ಕಡೆ ತಿದ್ದಿದರೆ ಸಾಕು, ಎಲ್ಲ ಪ್ರೋಗ್ರಾಮುಗಳಿಗೂ ತಿದ್ದುಪಡಿ ತಲುಪುತ್ತದೆ. ಅಪಾಯವೂ ಅಲ್ಲೇ ಇದೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಕಟ್ಟಿಕೊಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಗೇಟಿನಲ್ಲಿ ಆದ ಬದಲಾವಣೆ ಕೆಳಗಿನ ಪ್ರತಿ ಹೊಲಕ್ಕೂ ಮುಟ್ಟುತ್ತದೆ. ನಾನು ಒಂದು ಫೈಲ್ ಬದಲಿಸಿದೆ. ನಿಂತದ್ದು ನನಗೆ ಪರಿಚಯವೇ ಇಲ್ಲದ ಇನ್ನೊಂದು ಪ್ರೋಗ್ರಾಮ್.

ಮೂರು ಬಗೆಯ ದೋಷಗಳು

ನೈದಾನಿಕ ಪರೀಕ್ಷೆಯ ಪಾಠದಲ್ಲಿ ನಾವು ಓದುತ್ತೇವೆ: ಮಗು ತಪ್ಪು ಉತ್ತರ ಬರೆದಿದೆ ಎನ್ನುವುದು ಸಾಲದು, ಯಾವ ಹಂತದಲ್ಲಿ ತಪ್ಪಿದೆ ಎಂದು ಗುರುತಿಸಿದ ಮೇಲೆ ಪರಿಹಾರ ಬೋಧನೆ. ಇಲ್ಲಿಯೂ ಹಾಗೆಯೇ. ದೋಷ ಸಂದೇಶವನ್ನು ಓದಿದರೆ ಹೆಚ್ಚಿನವು ಮೂರು ಗುಂಪಿಗೆ ಬರುತ್ತವೆ.

ಮೊದಲನೆಯದು, ಲೈಬ್ರರಿ ಸಿಗದಿರುವುದು. ನನ್ನ ಪ್ರೋಗ್ರಾಮಿಗೆ ಆದದ್ದು ಇದೇ. ವಿಂಡೋಸ್ ಸಾಮಾನ್ಯವಾಗಿ ಮೊದಲು ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲಿ, ಆಮೇಲೆ ಸಿಸ್ಟಮ್ ಫೋಲ್ಡರಿನಲ್ಲಿ, ವಿಂಡೋಸ್ ಫೋಲ್ಡರಿನಲ್ಲಿ, ಕೊನೆಗೆ ‘ಪಾತ್’ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ ಹುಡುಕುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಷುವಲ್ ಸ್ಟುಡಿಯೋ ಹಾಕಿದಾಗಲೇ ಆ ಲೈಬ್ರರಿ ಬಂದು ಕೂತಿತ್ತು. ಹಾಗಾಗಿ ಅದು ಬೇಕು ಎಂಬುದೇ ನನಗೆ ತಿಳಿದಿರಲಿಲ್ಲ.

ಎರಡನೆಯದು, ಬಿಟ್ ಹೊಂದದಿರುವುದು. 64 ಬಿಟ್ ಪ್ರೋಗ್ರಾಮ್ 32 ಬಿಟ್ ಡಿಎಲ್‌ಎಲ್ ಅನ್ನು ಜೋಡಿಸಿಕೊಳ್ಳಲಾರದು. 32 ಬಿಟ್‌ನದಕ್ಕೆ 64ರದ್ದು ಆಗುವುದಿಲ್ಲ. ಗುಮಾಸ್ತರ ಪರದೆಯ ಮೇಲಿನ ಸಂಖ್ಯೆಯ ಅರ್ಥ ಇದೇ: ಸಿಕ್ಕ ಫೈಲಿನ ಸ್ವರೂಪ ಸರಿಯಿಲ್ಲ. ಹೆಸರುಗಳ ಗೊಂದಲ ಇಲ್ಲಿದೆ: 64 ಬಿಟ್ ವಿಂಡೋಸ್‌ನಲ್ಲಿ ‘ಸಿಸ್ಟಮ್32’ ಎಂಬುದು 64 ಬಿಟ್ ಲೈಬ್ರರಿಗಳ ಮನೆ, ‘ಸಿಸ್‌ವಾವ್64’ ಎಂಬುದು 32 ಬಿಟ್ ಲೈಬ್ರರಿಗಳ ಮನೆ. ಹಳೆಯ ಪ್ರೋಗ್ರಾಮುಗಳಲ್ಲಿ ‘ಸಿಸ್ಟಮ್32’ ಎಂಬ ಹೆಸರನ್ನೇ ನೇರವಾಗಿ ಬರೆದುಬಿಟ್ಟಿದ್ದರಿಂದ ಹೆಸರು ಬದಲಿಸದೆ ಒಳಗಿನದನ್ನು ಬದಲಿಸಿದರು. ‘ವಾವ್64’ ಎಂದರೆ 64 ಬಿಟ್ ವಿಂಡೋಸ್ ಮೇಲೆ 32 ಬಿಟ್ ವಿಂಡೋಸ್. ನಾನು 32ರ ಮನೆಯಲ್ಲಿದ್ದ ಸರಿಯಾದ ಫೈಲನ್ನು ಅಳಿಸಿ 64ರದ್ದನ್ನು ಇಟ್ಟಿದ್ದೆ. ಒಂದೇ ತಪ್ಪಿನಿಂದ ಎರಡೂ ಕೆಟ್ಟವು: ನನ್ನದಕ್ಕೆ ಫೈಲ್ ತಲುಪಲಿಲ್ಲ, ಅವರದಕ್ಕೆ ಇದ್ದದ್ದೂ ಹೋಯಿತು.

ಮೂರನೆಯದು, ಆವೃತ್ತಿ ಹೊಂದದಿರುವುದು. ಫೈಲ್ ಇದೆ, ಬಿಟ್ಟೂ ಸರಿ. ಆದರೆ ಪ್ರೋಗ್ರಾಮ್ ಕೇಳುವ ಫಂಕ್ಷನ್ ಆ ಹಳೆಯ ಆವೃತ್ತಿಯಲ್ಲಿ ಇಲ್ಲ. ಆಗ ‘ಎಂಟ್ರಿ ಪಾಯಿಂಟ್’ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. 1990ರ ದಶಕದಲ್ಲಿ ಒಂದು ಪ್ರೋಗ್ರಾಮ್ ಹಾಕಿದಾಗ ಅದು ಹಂಚಿಕೆಯ ಫೈಲನ್ನು ಬೇರೆ ಆವೃತ್ತಿಯಿಂದ ಮುಚ್ಚಿ ಇನ್ನೊಂದನ್ನು ಕೆಡಿಸುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅದಕ್ಕೆ ‘ಡಿಎಲ್‌ಎಲ್ ಹೆಲ್’, ಅಂದರೆ ಡಿಎಲ್‌ಎಲ್ ನರಕ ಎಂಬ ಹೆಸರೇ ಬಂತು. ವಿಂಡೋಸ್ 2000ದಲ್ಲಿ ಮುಖ್ಯ ಸಿಸ್ಟಮ್ ಫೈಲುಗಳಿಗೆ ಕಾವಲು ಬಂತು. 2001ರ ಎಕ್ಸ್‌ಪಿಯಲ್ಲಿ ಒಂದೇ ಲೈಬ್ರರಿಯ ಹಲವು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿ ಇಡುವ ವ್ಯವಸ್ಥೆ ಬಂತು.

ಕನ್ನಡದ ಒತ್ತಕ್ಷರವೂ ಒಂದು ಲೈಬ್ರರಿಯ ಕೆಲಸ

ಇದು ನಮಗೆ ದೂರದ ವಿಷಯವಲ್ಲ. ಯೂನಿಕೋಡಿನಲ್ಲಿ ‘ಕರ್ನಾಟಕ’ ಎಂದು ಟೈಪ್ ಮಾಡಿದಾಗ ಕಂಪ್ಯೂಟರಿನಲ್ಲಿ ಉಳಿಯುವ ಕ್ರಮ ಕ, ರ, ಹಲಂತ, ನ, ಆ ಸ್ವರಚಿಹ್ನೆ, ಟ, ಕ. ರಕಾರವನ್ನು ಅರ್ಕಾವತ್ತು ಮಾಡಿ ‘ನಾ’ ಆದಮೇಲೆ ಕೂರಿಸುವುದು, ‘ಕೃಷ್ಣಾ’ದಲ್ಲಿ ಷಕಾರದ ಕೆಳಗೆ ಣಕಾರದ ಒತ್ತು ಕೊಡುವುದು ಅಕ್ಷರ ಜೋಡಿಸುವ ಲೈಬ್ರರಿಯ ಕೆಲಸ. ವಿಂಡೋಸ್‌ನಲ್ಲಿ ಬಹುಕಾಲ ಇದನ್ನು ಮಾಡಿದ್ದು ‘ಯುಎಸ್‌ಪಿ10.ಡಿಎಲ್‌ಎಲ್’. ಎಕ್ಸ್‌ಪಿಯಲ್ಲಿ ಕನ್ನಡ ಬೆಂಬಲವೂ ತುಂಗಾ ಫಾಂಟೂ ಬಂದವು. ಮೈಕ್ರೋಸಾಫ್ಟ್ ಆಫೀಸ್ ತನ್ನದೇ ಫೋಲ್ಡರಿನಲ್ಲಿ ಇದೇ ಫೈಲಿನ ಬೇರೆ ಆವೃತ್ತಿಯನ್ನು ಇಟ್ಟುಕೊಳ್ಳುತ್ತಿತ್ತು. ಹಾಗಾಗಿ ಒಂದೇ ಯಂತ್ರದಲ್ಲಿ ಒಂದೇ ಕನ್ನಡ ಸಾಲು ವರ್ಡ್‌ನಲ್ಲಿ ಒಂದು ಬಗೆ, ನೋಟ್‌ಪ್ಯಾಡ್‌ನಲ್ಲಿ ಇನ್ನೊಂದು ಬಗೆ ಕಾಣುವ ಸಾಧ್ಯತೆ ಇತ್ತು. ಈಗ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವೆಲ್ಲ ‘ಹಾರ್ಫ್‌ಬಜ್’ ಎಂಬ ಮುಕ್ತ ಲೈಬ್ರರಿಯನ್ನು ಬಳಸುತ್ತವೆ. ಅದರಲ್ಲಿ ಒಂದು ಒತ್ತಕ್ಷರ ಸರಿಯಾದರೆ ಇಷ್ಟೂ ಕಡೆ ಸರಿಯಾಗುತ್ತದೆ.

ಸರಿಪಡಿಸಿದ ಕ್ರಮ

ಗುಮಾಸ್ತರ ಪಕ್ಕದಲ್ಲೇ ಕೂತು ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ, ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಪ್ಯಾಕೇಜಿನ 32 ಮತ್ತು 64 ಬಿಟ್‌ನ ಎರಡೂ ರೂಪಗಳನ್ನು ಇಳಿಸಿಕೊಂಡೆ. ಮೊದಲು ಕಂಪ್ಯೂಟರಿನಲ್ಲಿದ್ದ 32 ಬಿಟ್ ಪ್ಯಾಕೇಜನ್ನು ತೆಗೆದು, ನಾನು ಹಾಕಿದ್ದ ಫೈಲ್ ಉಳಿದಿಲ್ಲವೆಂದು ನೋಡಿಕೊಂಡು, ಹೊಸದಾಗಿ ಹಾಕಿದೆ. ಅಂಕದ ಪ್ರೋಗ್ರಾಮ್ ತೆರೆಯಿತು, ಅಂಕಗಳೆಲ್ಲ ಇದ್ದವು. ಆಮೇಲೆ ಮುಖ್ಯ ಗುರುಗಳನ್ನು ಕೇಳಿ 64 ಬಿಟ್ ಪ್ಯಾಕೇಜ್ ಹಾಕಿದೆ, ನನ್ನದೂ ತೆರೆಯಿತು. ಗುಮಾಸ್ತರು ಪಟ್ಟಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ನಾನು ಹೆಸರು ಓದುತ್ತಾ ಹೋದೆ, ಅವರು ಅಂಕ ನಮೂದಿಸಿದರು.

ಇಂತಹ ತೊಂದರೆ ಬಂದಾಗ ಅನುಸರಿಸಬಹುದಾದ ಹಂತಗಳು ಇವು:

1. ಸಂದೇಶವನ್ನು ಪೂರ್ತಿ ಓದಿ, ಬರೆದಿಟ್ಟುಕೊಳ್ಳಿ. ಸಿಗಲಿಲ್ಲವೋ, ಸ್ವರೂಪ ಹೊಂದಲಿಲ್ಲವೋ, ಎಂಟ್ರಿ ಪಾಯಿಂಟ್ ಇಲ್ಲವೋ ಎಂದು ಗುಂಪು ಗುರುತಿಸಿ.
2. ಪ್ರೋಗ್ರಾಮ್ 32 ಬಿಟ್ಟೋ 64 ಬಿಟ್ಟೋ, ವಿಂಡೋಸ್ ಯಾವುದು ಎಂದು ನೋಡಿ.
3. ಪ್ರೋಗ್ರಾಮಿಗೆ ಯಾವ ಲೈಬ್ರರಿಗಳು ಬೇಕೆಂದು ಪಟ್ಟಿ ಮಾಡಿ. ವಿಂಡೋಸ್‌ನಲ್ಲಿ ‘ಡಿಪೆಂಡೆನ್ಸೀಸ್’ ಎಂಬ ಉಚಿತ ಸಾಧನವಿದೆ. ಲಿನಕ್ಸ್‌ನಲ್ಲಿ ‘ಎಲ್‌ಡಿಡಿ’ ಆದೇಶ ಸಾಕು.
4. ಬಿಡಿ ಡಿಎಲ್‌ಎಲ್ ಕೊಡುವ ತಾಣಗಳಿಂದ ಏನನ್ನೂ ಇಳಿಸಬೇಡಿ. ಹೆಸರು ಅದೇ ಇದ್ದರೂ ಒಳಗೆ ಏನಿದೆ ಎಂದು ತಿಳಿಯದು. ತಯಾರಕರ ಪೂರ್ತಿ ಪ್ಯಾಕೇಜನ್ನೇ ಹಾಕಿ.
5. ಸಿಸ್ಟಮ್ ಫೋಲ್ಡರಿನ ಫೈಲನ್ನು ಕೈಯಾರೆ ಬದಲಿಸಬೇಡಿ.

ಪ್ರೋಗ್ರಾಮ್ ಬರೆಯುವವರಿಗೆ ಇನ್ನೂ ಎರಡು ದಾರಿಗಳಿವೆ. ಬೇಕಾದ ಡಿಎಲ್‌ಎಲ್‌ಗಳನ್ನು ಪ್ರೋಗ್ರಾಮಿನ ಫೋಲ್ಡರಿನಲ್ಲೇ ಜೊತೆಗೆ ಇಡಬಹುದು. ಮೊದಲು ಹುಡುಕುವುದು ಅಲ್ಲೇ ಆದ್ದರಿಂದ ಬೇರೆಯವರಿಗೆ ತೊಂದರೆಯಿಲ್ಲ. ಇಲ್ಲವೇ ಕಂಪೈಲ್ ಮಾಡುವಾಗಲೇ ಲೈಬ್ರರಿಯ ಕೋಡನ್ನು ಪ್ರೋಗ್ರಾಮಿನೊಳಗೆ ಸೇರಿಸಬಹುದು. ಇದನ್ನು ಸ್ಟ್ಯಾಟಿಕ್ ಲಿಂಕಿಂಗ್ ಎನ್ನುತ್ತಾರೆ. ಮನೆಯಲ್ಲೇ ಸ್ವಂತ ಭಾಂಡೆ ಇಟ್ಟುಕೊಂಡಂತೆ. ಫೈಲ್ ದೊಡ್ಡದಾಗುತ್ತದೆ, ಮುಂದೆ ಲೈಬ್ರರಿಯಲ್ಲಿ ಭದ್ರತಾ ದೋಷ ಕಂಡರೆ ತಿದ್ದುಪಡಿ ತಾನಾಗಿ ಬರುವುದಿಲ್ಲ, ಮತ್ತೆ ಕಂಪೈಲ್ ಮಾಡಬೇಕು. ಪಾಠಕ್ಕೆಂದು ಬರೆಯುವ ಚಿಕ್ಕ ಪ್ರೋಗ್ರಾಮಿಗೆ ನಾನು ಈಗ ಇದನ್ನೇ ಆರಿಸುತ್ತೇನೆ. ಅದೂ 32 ಬಿಟ್‌ನಲ್ಲಿ, ಏಕೆಂದರೆ ಅದು ಎರಡೂ ಬಗೆಯ ವಿಂಡೋಸ್ ಮೇಲೆ ನಡೆಯುತ್ತದೆ.

ತರಗತಿಗೆ ಮರಳಿ

ಮುಂದಿನ ವಾರ ಅದೇ ಮಕ್ಕಳಿಗೆ ಪಾಠ ಮತ್ತೆ ಮಾಡಿದೆ. ರೇಖೆಗಳನ್ನು ತೋರಿಸಿದ ಮೇಲೆ, ಅವತ್ತು ಯಾಕೆ ತೆರೆಯಲಿಲ್ಲ ಎಂದು ಒಬ್ಬ ಕೇಳಿದ. ಭಾಂಡೆಯ ಹೋಲಿಕೆ ಹೇಳಿದೆ. ಒಬ್ಬ ಹುಡುಗಿ ಎದ್ದು, “ಟೀಚರ್ರಿ, ಹೊಸಾ ಭಾಂಡೆ ತಂದಿಟ್ರ ಹಳೇ ಮುಚ್ಚಳ ಕೂಡಂಗಿಲ್ಲ ಅಲ್ಲೇನ್ರಿ?” ಎಂದಳು. ನಾನು ಆವೃತ್ತಿಯ ತೊಂದರೆಯನ್ನು ಇನ್ನೂ ಹೇಳಿರಲೇ ಇಲ್ಲ. ಅವಳೇ ಅಲ್ಲಿಗೆ ಬಂದಿದ್ದಳು.

ಪಾಠದ ನಂತರದ ಹಿಮ್ಮಾಹಿತಿಯಲ್ಲಿ ಮಾರ್ಗದರ್ಶಕರು ಹೋಲಿಕೆಯ ಮಿತಿಯನ್ನು ತೋರಿಸಿದರು. ಒಂದು ಭಾಂಡೆ ಒಂದೇ ದಿನ ಎರಡು ಮದುವೆಗೆ ಹೋಗಲಾರದು; ಆದರೆ ಮೆಮೊರಿಯಲ್ಲಿರುವ ಲೈಬ್ರರಿ ಕೋಡಿನ ಒಂದೇ ಪ್ರತಿಯನ್ನು ಹಲವು ಪ್ರೋಗ್ರಾಮುಗಳು ಏಕಕಾಲಕ್ಕೆ ಬಳಸಬಲ್ಲವು. ಹೋಲಿಕೆ ಕೊಟ್ಟಾಗ ಅದು ಎಲ್ಲಿಯವರೆಗೆ ಹೊಂದುತ್ತದೆ ಎಂದೂ ಹೇಳದಿದ್ದರೆ ಮಕ್ಕಳಲ್ಲಿ ತಪ್ಪು ಕಲ್ಪನೆ ಉಳಿಯುತ್ತದೆ. ಪಾಠಯೋಜನೆಯಲ್ಲಿ ಆ ಒಂದು ಸಾಲು ಸೇರಿಸಿದ್ದೇನೆ.

ನನ್ನ ಮೊದಲ ಪಾಠದ ವೀಕ್ಷಣಾ ನಮೂನೆಯಲ್ಲಿ ‘ಬೋಧನೋಪಕರಣದ ಬಳಕೆ’ ಎಂಬಲ್ಲಿ ಕಡಿಮೆ ಅಂಕ ಬಂದಿದೆ, ಅದು ನ್ಯಾಯವೇ. ಸಹಪಾಠಿಗಳಿಗೆ ನನ್ನ ವಿನಂತಿ ಇಷ್ಟೇ: ಯಾವುದೇ ಪ್ರೋಗ್ರಾಮ್ ತೋರಿಸುವುದಿದ್ದರೆ ಹಿಂದಿನ ದಿನವೇ ಅದೇ ಶಾಲೆಯ ಅದೇ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಏನನ್ನಾದರೂ ಹಾಕುವ ಮೊದಲು ಆ ಯಂತ್ರವನ್ನು ದಿನವೂ ಬಳಸುವವರನ್ನು ಕೇಳಿ. ತೆರೆಯದಿದ್ದರೆ ಹಲಗೆ, ಬಳಪ, ಗ್ರಾಫ್ ಹಾಳೆ ಕೈಯಲ್ಲಿರಲಿ. ನಮ್ಮ ಪಾಠ ಒಂದು ದಿನ ತಡವಾದರೆ ನಡೆಯುತ್ತದೆ, ಮಕ್ಕಳ ಅಂಕಪಟ್ಟಿ ತಡವಾಗಬಾರದು.