ತಾನಾಗಿ ಬರುವ ಸಂದೇಶಕ್ಕೆ ವಿಳಾಸ ಯಾಕೆ ಅಂತೀರಾ?

"ಸಾರ್, ಅದು ಅನ್‌ಸೊಲಿಸಿಟೆಡ್ಡು. ನಾವು ಕೇಳದೇನೇ ತಾನಾಗಿ ಬರುತ್ತೆ. ಅದಕ್ಯಾಕೆ ಅಡ್ರೆಸ್ಸು?" ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಯಾನೆಲ್ ಕಟ್ಟುವವರೂ ಇದನ್ನೇ ಹೇಳುತ್ತಾರೆ, ಸ್ಕಾಡಾ ಕೋರ್ಸ್ ಮುಗಿಸಿ ಬಂದ ವಿಜಯನಗರದ ಹುಡುಗರೂ ಇದನ್ನೇ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಕೇಳದೆ ಬರುವುದೇನೋ ನಿಜ. ಬಂದದ್ದು ಎಲ್ಲಿ ಕೂರಬೇಕು? ನಾವೇ ಆಗಾಗ ಕೇಳುವ ಪೋಲಿಂಗ್‌ನಲ್ಲಾದರೆ, ಇಲ್ಲದ ವಿಳಾಸ ಕೇಳಿದಾಗ ಯಂತ್ರ ನಡೆಸುವ ಪಿಎಲ್‌ಸಿ ಎಕ್ಸೆಪ್ಷನ್ ಕೋಡ್ ಕಳಿಸಿ ಗದರುತ್ತದೆ. ಇಲ್ಲಿ ಗದರುವವರೂ ಇಲ್ಲ. ಅದಕ್ಕೇ ಇಲ್ಲಿ ವಿಳಾಸದ ಕೆಲಸ ಇನ್ನೂ ಹೆಚ್ಚು.

1979ರಲ್ಲಿ ಮೋಡಿಕಾನ್ ಕಂಪನಿ ತಂದ ಮಾಡ್‌ಬಸ್ ಪ್ರೋಟೋಕಾಲನ್ನೇ ನೋಡಿ. ಅನ್‌ಸೊಲಿಸಿಟೆಡ್ ಅಂದರೆ ಪಿಎಲ್‌ಸಿಯೇ ಮಾಸ್ಟರ್, ನಮ್ಮ ಸ್ಕಾಡಾ ಸಾಫ್ಟ್‌ವೇರ್ ಸ್ಲೇವ್. ಪಿಎಲ್‌ಸಿ ಫಂಕ್ಷನ್ 16ರಲ್ಲಿ 100ನೇ ವಿಳಾಸಕ್ಕೆ ಟ್ಯಾಂಕಿನ ಮಟ್ಟ, 101ಕ್ಕೆ ಪಂಪಿನ ಒತ್ತಡ ಬರೆಯುತ್ತದೆ ಅನ್ನಿ. ತಂತಿಯ ಮೇಲಿನ ಎಣಿಕೆ ಸೊನ್ನೆಯಿಂದ, ಸಾಫ್ಟ್‌ವೇರಿನಲ್ಲಿ ನಾವು ಕೊಡುವ ಟ್ಯಾಗಿನ ಎಣಿಕೆ 40001ರಿಂದ. ಹಾಗಾಗಿ ಮಟ್ಟದ ಟ್ಯಾಗ್ 40101. ಪುಣ್ಯಾತ್ಮರೊಬ್ಬರು 40100 ಅಂತ ಕೊಟ್ಟರೆ ಟ್ಯಾಂಕು ಸದಾ ಖಾಲಿ. 40102 ಅಂತ ಕೊಟ್ಟರೆ ಒತ್ತಡವೇ ಮಟ್ಟ! ಅಲಾರಂ ಇಲ್ಲ, ಕೆಂಪು ಗುರುತಿಲ್ಲ. ಮೌಲ್ಯ 32 ಬಿಟ್‌ನದಾಗಿದ್ದರೆ ಅರ್ಧ ಇದರದು, ಅರ್ಧ ಪಕ್ಕದ್ದು ಸೇರಿ ಯಾವ ದೇವರಿಗೂ ಅರ್ಥವಾಗದ ಸಂಖ್ಯೆ ಬರುತ್ತದೆ.

ನಮ್ಮ ವಿದ್ಯುತ್ ಜಾಲದಲ್ಲಿ ಹೆಚ್ಚು ಬಳಕೆಯಲ್ಲಿರುವ ಐಇಸಿ 104 ಪ್ರೋಟೋಕಾಲಿನಲ್ಲೂ ಇದೇ ಕತೆ. ಬ್ರೇಕರ್ ಟ್ರಿಪ್ ಆದ ಸುದ್ದಿ 'ಕಾರಣ 3', ಅಂದರೆ ಸ್ವಯಂಪ್ರೇರಿತ, ಅನ್ನುವ ಮುದ್ರೆ ಹೊತ್ತು ಬರುತ್ತದೆ. ಜೊತೆಗೆ ಮೂರು ಬೈಟಿನ ಪಾಯಿಂಟ್ ವಿಳಾಸ. ಕಂಟ್ರೋಲ್ ರೂಮಿನ ಡೇಟಾಬೇಸಿನಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಸುದ್ದಿ ಬಂದೂ ಬಾರದಂತೆ. ಡಿಎನ್‌ಪಿ3 ಅನ್ನುವ ಇನ್ನೊಂದು ಪ್ರೋಟೋಕಾಲಿನಲ್ಲಿ ಫೀಲ್ಡಿನ ಸಾಧನಕ್ಕೆ ಮಾಸ್ಟರ್‌ನ ವಿಳಾಸವನ್ನೂ ತುಂಬಬೇಕು, ಪ್ರತಿ ಪಾಯಿಂಟನ್ನೂ ಕ್ಲಾಸ್ 1, 2, 3ರಲ್ಲಿ ಒಂದಕ್ಕೆ ಸೇರಿಸಬೇಕು. ಸೇರಿಸದ ಪಾಯಿಂಟ್ ತಾನಾಗಿ ಬಾಯಿಬಿಡುವುದಿಲ್ಲ. ಸೇರಿಸಿದ ಮೇಲೂ ಮಾಸ್ಟರ್ ಫಂಕ್ಷನ್ 20 ಕಳಿಸಿ ಅಪ್ಪಣೆ ಕೊಡಬೇಕು. ಎಲ್ಲಿದೆ ಸ್ವಾಮಿ 'ತಾನಾಗಿ'?

ಇನ್ನೊಂದು ನಂಬಿಕೆ: ಅನ್‌ಸೊಲಿಸಿಟೆಡ್ ಇದ್ದರೆ ಪೋಲಿಂಗೇ ಬೇಡ. ಅದೂ ತಪ್ಪು. ಮೌನಕ್ಕೆ ಕಾರಣ ಏನೂ ಬದಲಾಗದಿರುವುದೋ ಕೇಬಲ್ ಕಿತ್ತುಹೋಗಿರುವುದೋ ತಿಳಿಯಲು ಆಗಾಗ ಕೇಳಲೇಬೇಕು. ಪಿಎಲ್‌ಸಿ ಸಂದೇಶ ಕಳಿಸುವ ಸರ್ವರ್ ಪಿಸಿಯ ಐಪಿ ಬದಲಾದರೂ ನಡೆಯುತ್ತೆ ಅನ್ನುವವರಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

ನಮ್ಮ ಜನಕ್ಕೆ ಪರದೆಯ ಮೇಲೆ ಹಸಿರು ಚುಕ್ಕೆ ಕಂಡರೆ ಸಾಕು, ದೇವರೇ ಪ್ರಸಾದ ಕೊಟ್ಟ ಹಾಗೆ. ಆಯುಧಪೂಜೆಗೆ ಪ್ಯಾನೆಲ್ಲಿಗೆ ಕುಂಕುಮ ಹಚ್ಚುವುದು ತಪ್ಪುವುದಿಲ್ಲ, ವಿಳಾಸಗಳ ಪಟ್ಟಿ ಮಾತ್ರ ಯಾರ ಬಳಿಯೂ ಇರುವುದಿಲ್ಲ. ವಾಟ್ಸ್ಯಾಪಿನಲ್ಲಿ ಬಂದದ್ದನ್ನೆಲ್ಲ ನಂಬುವ ಅಭ್ಯಾಸ ಕಾರ್ಖಾನೆಯ ಗೇಟಿನೊಳಗೂ ಬಂದುಬಿಟ್ಟಿದೆ.

ಕಮಿಷನಿಂಗ್ ದಿನ ಫೀಲ್ಡಿನಲ್ಲಿ ಒಂದೊಂದೇ ಪಾಯಿಂಟ್ ಬದಲಿಸಿ, ಅದೇ ಟ್ಯಾಗ್ ಬದಲಾಯಿತೇ ಅಂತ ಕಣ್ಣಾರೆ ನೋಡಿ. ಆಮೇಲೆ ಸಹಿ ಹಾಕಿ.