ಹಳೆಯ ಯೆಜ್ಡಿ, ಹೊಸ ವೇಗ: ಬ್ರೇಕಿನ ಲೆಕ್ಕ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಯನ್ನು ರೇಸ್ ಪಥಕ್ಕೆ ಸಜ್ಜುಗೊಳಿಸುವವರ ಗಮನವೆಲ್ಲ ಎಂಜಿನ್ನಿನ ಕಡೆಗೇ. ಮೊದಲು ನೋಡಬೇಕಾದದ್ದು ಡ್ರಮ್ ಬ್ರೇಕನ್ನು. ಸವಾರನೂ ಸೇರಿ 210 ಕಿಲೋಗ್ರಾಂ ಇರುವ ಬೈಕಿನ ಚಲನಶಕ್ತಿ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸುಮಾರು 29 ಕಿಲೋಜೌಲ್, 120ರಲ್ಲಿ 117. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ! ಬ್ರೇಕ್ ಹಾಕಿದಾಗ ಇದರ ಬಹುಪಾಲು ಡ್ರಮ್ಮಿನಲ್ಲಿ ಉಷ್ಣವಾಗುತ್ತದೆ. ಪ್ರತಿ ತಿರುವಿಗೂ ಹೀಗೆ ಕಾದ ಡ್ರಮ್ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಅತಿಯಾಗಿ ಕಾದ ಲೈನಿಂಗಿನ ಘರ್ಷಣೆಯೂ ಕುಗ್ಗುತ್ತದೆ. ಆಗ ಲಿವರ್ ಪೂರ್ತಿ ಒತ್ತಿದರೂ ಬೈಕು ಬೇಗ ನಿಲ್ಲದು. ಆದ್ದರಿಂದ ಎಣ್ಣೆ ಹೀರಿದ ಅಥವಾ ಅಂಟು ಬಿಟ್ಟ ಲೈನಿಂಗನ್ನು ಬದಲಿಸಿ. ಕೇಬಲ್ಲಿನ ಒಂದೇ ಎಳೆ ಹರಿದಿದ್ದರೂ ಹೊಸದು ಹಾಕಿ. ಹಳೆಯ ಲೈನಿಂಗಿನ ದೂಳಿನಲ್ಲಿ ಕಲ್ನಾರು ಇರಬಹುದು. ಗಾಳಿ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.